ಶಾಪಿಂಗ್ ಆ್ಯಪ್ ಸ್ಕ್ರೀನ್ ರೀಡರ್‌ಗೆ ಸಿಗದಿದ್ದರೆ ಏನು ಮಾಡಬೇಕು? ಅಂಧ ಗ್ರಾಹಕರಿಗೊಂದು ಕಾನೂನು ಮಾರ್ಗದರ್ಶಿ

"ಬಟನ್. ಬಟನ್. ಲೇಬಲ್ ಇಲ್ಲದ ಬಟನ್."

ಪರದೆಯ ಮೇಲಿರುವುದನ್ನು ಓದಿ ಹೇಳುವ ಆ್ಯಂಡ್ರಾಯ್ಡ್ ಸ್ಕ್ರೀನ್ ರೀಡರ್ ಟಾಕ್‌ಬ್ಯಾಕ್ ಹಾಕಿಕೊಂಡು ಆನ್‌ಲೈನಿನಲ್ಲಿ ಸಾಮಾನು ಕೊಳ್ಳಲು ಹೋದವರಿಗೆ ಈ ಮಾತು ಬಾಯಿಪಾಠ. ಸೀರೆ ಆರಿಸಿದ್ದಾಯಿತು, ಬೆಲೆ ಕೇಳಿದ್ದಾಯಿತು, ಕಾರ್ಟಿಗೂ ಹಾಕಿದ್ದಾಯಿತು. ದುಡ್ಡು ಕಟ್ಟುವ ಪುಟಕ್ಕೆ ಬಂದರೆ ಸಾಲಾಗಿ ಮೂರು ಬಟನ್, ಮೂರಕ್ಕೂ ಹೆಸರಿಲ್ಲ. ಯಾವುದು ಮುಂದಕ್ಕೆ ಹೋಗುತ್ತದೆ, ಯಾವುದು ಆರ್ಡರ್ ರದ್ದು ಮಾಡುತ್ತದೆ ಅಂತ ಗೊತ್ತಾಗುವುದು ಒತ್ತಿದ ಮೇಲೇ. ಆಮೇಲೆ ಪಕ್ಕದ ಮನೆ ಹುಡುಗನನ್ನು ಕರೆದು ಫೋನ್ ಕೈಗೆ ಕೊಡಬೇಕು. ಅದರ ಜೊತೆಗೆ ಕಾರ್ಡ್ ನಂಬರು, ಒಟಿಪಿ, ನಾವು ಏನು ಕೊಳ್ಳುತ್ತಿದ್ದೇವೆ ಅನ್ನುವ ಗುಟ್ಟು ಎಲ್ಲವೂ ಹೋಯಿತು.

ಇದಕ್ಕೆ ಕಾನೂನಿನ ದಾರಿ ಇದೆ. ದಾರಿ ಇದೆ ಅಂತ ಗೊತ್ತಿದ್ದವರೂ ಅರ್ಧದಲ್ಲಿ ಕೈಬಿಡುವುದು ಹೆಚ್ಚು. ಕಾರಣ ಬಹಳ ಸಲ ಒಂದೇ: ದೂರಿನಲ್ಲಿ ಸಿಟ್ಟು ಇರುತ್ತದೆ, ವಿವರ ಇರುವುದಿಲ್ಲ. "ನಿಮ್ಮ ಆ್ಯಪ್ ಅಂಧರಿಗೆ ಉಪಯೋಗ ಆಗ್ತಿಲ್ಲ" ಅಂತ ಬರೆದರೆ ಕಂಪನಿಯವರು "ನಮ್ಮಲ್ಲಿ ಸರಿಯಾಗಿ ಕೆಲಸ ಮಾಡ್ತಿದೆ" ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ. "ಇಂಥ ದಿನ, ಆ್ಯಪ್‌ನ ಇಂಥ ಆವೃತ್ತಿಯಲ್ಲಿ, ಪೇಮೆಂಟ್ ಪುಟದ ಮೂರನೇ ಬಟನ್‌ಗೆ ಹೆಸರಿಲ್ಲ, ವಿಡಿಯೊ ಇಲ್ಲಿದೆ" ಅಂತ ಬರೆದರೆ ಆ ಮಾತು ನಡೆಯುವುದಿಲ್ಲ. ಹಾಗಾಗಿ ಈ ಲೇಖನದಲ್ಲಿ ಸಾಕ್ಷ್ಯದ ಭಾಗವೇ ಉದ್ದವಾಗಿದೆ.

ಮೊದಲು, ಕಾನೂನು ಏನನ್ನುತ್ತದೆ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂತು. ನಮಗೆ ಮುಖ್ಯವಾಗಿ ಬೇಕಾದದ್ದು ಅದರ 46ನೇ ಸೆಕ್ಷನ್. ಸೇವೆ ಕೊಡುವವರು ಸರ್ಕಾರದವರಿರಲಿ, ಖಾಸಗಿಯವರಿರಲಿ, ಆ್ಯಕ್ಸೆಸಿಬಿಲಿಟಿ (ವಿಕಲಚೇತನರಿಗೂ ಎಟಕುವಂತಿರಬೇಕು ಅನ್ನುವ) ನಿಯಮಗಳು ಬಂದ ಎರಡು ವರ್ಷದೊಳಗೆ ಅವುಗಳ ಪ್ರಕಾರವೇ ಸೇವೆ ಕೊಡಬೇಕು ಅಂತ ಅಲ್ಲಿದೆ. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಅಂದರೆ ಗಡುವು 2019ರ ಜೂನ್‌ಗೇ ಮುಗಿಯಿತು. 2023ರಲ್ಲಿ ಆ ನಿಯಮಗಳಿಗೆ ಐಎಸ್ 17802 ಅನ್ನುವ ಭಾರತೀಯ ಮಾನಕವನ್ನೂ ಸೇರಿಸಿದರು. ವೆಬ್‌ಸೈಟ್, ಆ್ಯಪ್, ಎಟಿಎಂ ಥರದ್ದೆಲ್ಲ ಹೇಗಿರಬೇಕು ಅಂತ ಹೇಳುವ ಮಾನಕ ಅದು.

"ಈ ಕಾಯ್ದೆ ಸರ್ಕಾರಿ ಕಚೇರಿಗಳಿಗೆ, ನಮಗಲ್ಲ" ಅಂತ ಯಾರಾದರೂ ವಾದ ಮಾಡಿದರೆ ಪ್ರಾಕ್ಟೊ ಪ್ರಕರಣ ನೆನಪಿಸಿ. ಬೆಂಗಳೂರಿನ ಈ ಕಂಪನಿಯ ಆ್ಯಪ್ ಸ್ಕ್ರೀನ್ ರೀಡರ್‌ಗೆ ಸಿಗುತ್ತಿಲ್ಲ ಅಂತ ಅಂಧ ವಕೀಲ ರಾಹುಲ್ ಬಜಾಜ್ ವಿಕಲಚೇತನರ ಮುಖ್ಯ ಆಯುಕ್ತರ ಬಳಿಗೆ ಹೋದರು. ಖಾಸಗಿ ಕಂಪನಿಯೂ ಕಾಯ್ದೆಯ ಒಳಗೇ ಬರುತ್ತದೆ ಅಂತ 2022ರಲ್ಲಿ ಆದೇಶವಾಯಿತು. ಡಾಕ್ಟರ ಅಪಾಯಿಂಟ್‌ಮೆಂಟ್ ಆ್ಯಪ್‌ಗೆ ಹೇಳಿದ್ದು ಸೀರೆ ಮಾರುವ ಆ್ಯಪ್‌ಗೂ ಸಲ್ಲುತ್ತದೆ.

ಇಲ್ಲೊಂದು ತೊಡಕಿದೆ, ಅದನ್ನು ತಿಳಿದುಕೊಂಡೇ ಮುಂದೆ ಹೋಗಿ. 2024ರ ನವೆಂಬರ್ 8ರಂದು ರಾಜೀವ್ ರಾಟೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ನಿಯಮಗಳ ಪೈಕಿ 15(1)ನೇ ನಿಯಮ ಕಾಯ್ದೆಗೆ ವಿರುದ್ಧ ಅಂತ ಹೇಳಿತು. ಎದುರು ವಕೀಲರು ಇದನ್ನೇ ಹಿಡಿದು "ನಿಯಮವೇ ಬಿದ್ದುಹೋಗಿದೆಯಲ್ಲ" ಅನ್ನಬಹುದು. ಆದರೆ ಕೋರ್ಟ್ ಅದನ್ನು ತಳ್ಳಿಹಾಕಿದ್ದು ನಿಯಮ ತೀರಾ ಬಿಗಿ ಅಂತ ಅಲ್ಲ, ತೀರಾ ಸಡಿಲ ಅಂತ. ಕಡ್ಡಾಯ ಮಾಡಬೇಕಿದ್ದ ಜಾಗದಲ್ಲಿ ಬರೀ ಸಲಹೆ ಕೊಟ್ಟಿದ್ದೀರಿ, 3 ತಿಂಗಳಲ್ಲಿ ಕಡ್ಡಾಯ ನಿಯಮ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. ದಂಡ ಹಾಕುವ ಮಾತನ್ನೂ ಆ ಹೊಸ ನಿಯಮಗಳಿಗೇ ಜೋಡಿಸಿತು. ಹಾಗಾಗಿ ದೂರು ಬರೆಯುವ ದಿನ ನಿಯಮಗಳು ಯಾವ ಸ್ಥಿತಿಯಲ್ಲಿವೆ ಅಂತ ಕೇಂದ್ರದ ವಿಕಲಚೇತನರ ಸಬಲೀಕರಣ ಇಲಾಖೆಯ ವೆಬ್‌ಸೈಟ್‌ನಲ್ಲಿ ಒಮ್ಮೆ ನೋಡಿಕೊಳ್ಳಿ.

ಇನ್ನೊಂದು ತೀರ್ಪು ಇನ್ನೂ ಗಟ್ಟಿ. 2025ರ ಏಪ್ರಿಲ್ 30ರಂದು ಪ್ರಗ್ಯಾ ಪ್ರಸೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆ ಎಟಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂದಿತು. ಆ್ಯಸಿಡ್ ದಾಳಿಯಿಂದ ಕಣ್ಣಿಗೆ ಪೆಟ್ಟಾದವರಿಗೆ ಮತ್ತು ಅಂಧರಿಗೆ ಕೆವೈಸಿ (ಗ್ರಾಹಕರ ಗುರುತು ಖಾತ್ರಿ) ಮಾಡುವಾಗ "ಕಣ್ಣು ಮಿಟುಕಿಸಿ" ಅಂತ ಕೇಳುತ್ತಿದ್ದ ವ್ಯವಸ್ಥೆಯ ವಿರುದ್ಧದ ಅರ್ಜಿ ಅದು. 20 ನಿರ್ದೇಶನಗಳನ್ನು ಕೊಟ್ಟರು. ನಿಮ್ಮ ದೂರು ಶಾಪಿಂಗ್ ಬಗ್ಗೆಯೇ ಇದ್ದರೂ ಈ ತೀರ್ಪನ್ನು ಹೆಸರಿಸಿ.

ಅಮೆರಿಕದ ಅಂಧರಿಗೆ ಇಷ್ಟು ನೇರವಾದ ಸೆಕ್ಷನ್ ಇಲ್ಲ. ಅವರ ವಿಕಲಚೇತನರ ಕಾಯ್ದೆ ಎಡಿಎ 1990ರದ್ದು, ಅದರಲ್ಲಿ ವೆಬ್‌ಸೈಟ್ ಅನ್ನುವ ಪದವೇ ಇಲ್ಲ. ವೆಬ್‌ಸೈಟ್ ಕೂಡ ಅಂಗಡಿಯೇ ಹೌದೋ ಅಲ್ಲವೋ ಅಂತಲೇ ಅಲ್ಲಿ ವರ್ಷಗಟ್ಟಲೆ ಜಗಳ ನಡೆದಿದೆ. ಅಲ್ಲಿನ ಅಂಧರ ರಾಷ್ಟ್ರೀಯ ಒಕ್ಕೂಟ 2006ರಲ್ಲಿ ಟಾರ್ಗೆಟ್ ಅಂಗಡಿ ಸರಣಿಯ ಮೇಲೆ ದಾವೆ ಹಾಕಿತು. 2008ರಲ್ಲಿ 60 ಲಕ್ಷ ಡಾಲರ್‌ಗೆ ರಾಜಿಯಾಯಿತು. ಅಷ್ಟು ದುಡ್ಡಿನ ಕನಸು ನಮ್ಮಲ್ಲಿ ಬೇಡ. ನಮ್ಮ ಕಾಯ್ದೆಯ 89ನೇ ಸೆಕ್ಷನ್‌ನಲ್ಲಿ ಮೊದಲ ತಪ್ಪಿಗೆ 10 ಸಾವಿರದವರೆಗೆ, ಮತ್ತೆ ತಪ್ಪಿದರೆ 50 ಸಾವಿರದಿಂದ 5 ಲಕ್ಷದವರೆಗೆ ದಂಡವಿದೆ. ಆ ದಂಡ ನಿಮ್ಮ ಜೇಬಿಗೆ ಬರುವುದಿಲ್ಲ. ನೀವು ಕೇಳುತ್ತಿರುವುದು ಆ್ಯಪ್ ಸರಿಯಾಗಲಿ ಅಂತ. ಅದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡರೆ ದೂರು ಬರೆಯುವುದೂ ಸುಲಭ.

ಹೆಜ್ಜೆ 1: ತೊಂದರೆ ಆ್ಯಪ್‌ನದೇ ಅಂತ ಖಾತ್ರಿ ಮಾಡಿಕೊಳ್ಳಿ

ಆ್ಯಪ್ ಅಪ್‌ಡೇಟ್ ಮಾಡಿ, ಫೋನ್ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಅದೇ ಕೆಲಸವನ್ನು ಬೇರೆ ಕಂಪನಿಯ ಆ್ಯಪ್‌ನಲ್ಲಿ ಮಾಡಿ ನೋಡಿ. ಅಲ್ಲಿ ಬಟನ್ ಹೆಸರು ಹೇಳಿದರೆ ನಿಮ್ಮ ಟಾಕ್‌ಬ್ಯಾಕ್ ಸರಿ ಇದೆ ಅಂತಾಯಿತು. ಆಮೇಲೆ ಐಫೋನ್ ಇರುವ ಗೆಳೆಯರೊಬ್ಬರಿಗೆ ಹೇಳಿ ಅದರ ಸ್ಕ್ರೀನ್ ರೀಡರ್ ವಾಯ್ಸ್‌ಓವರ್‌ನಲ್ಲೂ ಅದೇ ಪುಟ ನೋಡಿಸಿ. ಎರಡೂ ಕಡೆ ಒಂದೇ ತೊಂದರೆ ಬಂದರೆ ದೂರಿನ ತೂಕ ಎರಡು ಪಟ್ಟು. ಕಸ್ಟಮರ್ ಕೇರ್‌ನವರು ಹೇಳುವ ಮೊದಲ ಮಾತೇ "ಸರ್, ಆ್ಯಪ್ ಡಿಲೀಟ್ ಮಾಡಿ ಮತ್ತೆ ಹಾಕಿಕೊಳ್ಳಿ" ಅಂತ. ಅದನ್ನೂ ಮಾಡಿ ಮುಗಿಸಿಬಿಡಿ.

ಹೆಜ್ಜೆ 2: ಸಾಕ್ಷ್ಯ ಕೂಡಿಸಿ

ಸ್ಕ್ರೀನ್‌ಶಾಟ್ ಒಂದೇ ಸಾಲದು. ಸ್ಕ್ರೀನ್‌ಶಾಟ್‌ನಲ್ಲಿ ಬಟನ್ ಮೇಲೆ ಚಂದದ ಬಾಣದ ಗುರುತು ಕಾಣುತ್ತದೆ, ನೋಡುವ ಅಧಿಕಾರಿಗೆ "ಎಲ್ಲ ಸರಿಯಾಗಿಯೇ ಇದೆಯಲ್ಲ" ಅನ್ನಿಸುತ್ತದೆ. ಆ ಬಾಣದ ಮೇಲೆ ಬೆರಳಿಟ್ಟಾಗ ನಿಮ್ಮ ಕಿವಿಗೆ ಬಿದ್ದದ್ದು ಏನು ಅಂತ ತೋರಿಸಬೇಕು. ಅದಕ್ಕೆ ಸ್ಕ್ರೀನ್ ರೆಕಾರ್ಡಿಂಗ್ ಬೇಕು.

ಇಲ್ಲಿ ಒಂದು ಸಿಕ್ಕು. ಕೆಲವು ಆ್ಯಂಡ್ರಾಯ್ಡ್ ಫೋನುಗಳಲ್ಲಿ ಸ್ಕ್ರೀನ್ ರೆಕಾರ್ಡ್ ಮಾಡಿದರೆ ಟಾಕ್‌ಬ್ಯಾಕ್ ದನಿ ಅದರಲ್ಲಿ ಸೇರುವುದಿಲ್ಲ. ಮೂಕ ವಿಡಿಯೊ ಸಿಗುತ್ತದೆ ಅಷ್ಟೇ. ಇದಕ್ಕೆ ಉಪಾಯ ಟಾಕ್‌ಬ್ಯಾಕ್ ಸೆಟ್ಟಿಂಗ್ಸ್ ಒಳಗೇ ಇದೆ. ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ಗೆ ಹೋಗಿ, ಅಲ್ಲಿ ಡೆವಲಪರ್ ಸೆಟ್ಟಿಂಗ್ಸ್ ತೆರೆದು, 'ಡಿಸ್‌ಪ್ಲೇ ಸ್ಪೀಚ್ ಔಟ್‌ಪುಟ್' ಅನ್ನುವುದನ್ನು ಆನ್ ಮಾಡಿ. ಆಗ ಟಾಕ್‌ಬ್ಯಾಕ್ ಹೇಳಿದ ಪ್ರತಿಯೊಂದು ಮಾತೂ ಪರದೆಯ ಮೇಲೆ ಅಕ್ಷರದಲ್ಲಿ ಬರುತ್ತದೆ. ಕಣ್ಣಿರುವವರಿಗೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ: ಬೆರಳು ಬಾಣದ ಮೇಲಿದೆ, ಕೆಳಗೆ 'ಲೇಬಲ್ ಇಲ್ಲದ ಬಟನ್' ಅಂತ ಮೂಡುತ್ತಿದೆ. ಐಫೋನ್‌ನಲ್ಲಿ ಇದೇ ಕೆಲಸಕ್ಕೆ ವಾಯ್ಸ್‌ಓವರ್ ಸೆಟ್ಟಿಂಗ್ಸ್‌ನಲ್ಲಿ 'ಕ್ಯಾಪ್ಷನ್ ಪ್ಯಾನೆಲ್' ಇದೆ. ಕಂಪ್ಯೂಟರಿನಲ್ಲಿ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಬಳಸುವವರು ಟೂಲ್ಸ್ ಮೆನುವಿನಿಂದ 'ಸ್ಪೀಚ್ ವ್ಯೂವರ್' ತೆರೆಯಿರಿ. ಎನ್‌ವಿಡಿಎ ಆಡಿದ ಮಾತೆಲ್ಲ ಆ ಕಿಟಕಿಯಲ್ಲಿ ಸಾಲಾಗಿ ಬೀಳುತ್ತದೆ, ಕಾಪಿ ಮಾಡಿ ದೂರಿಗೇ ಅಂಟಿಸಬಹುದು. ಇವೆಲ್ಲ ಕಷ್ಟ ಅನ್ನಿಸಿದರೆ ಇನ್ನೊಂದು ಫೋನ್ ಹಿಡಿದು ಮನೆಯವರಿಂದ ವಿಡಿಯೊ ಮಾಡಿಸಿ. ದನಿಯೂ ಬರುತ್ತದೆ, ಬೆರಳೂ ಕಾಣುತ್ತದೆ.

ವಿಡಿಯೊದ ಶುರುವಿನಲ್ಲೇ ನಿಮ್ಮ ಬಾಯಲ್ಲಿ ದಿನ, ಹೊತ್ತು, ಫೋನ್ ಮಾದರಿ ಹೇಳಿ. ಆ್ಯಪ್‌ನ ಆವೃತ್ತಿ ಸಂಖ್ಯೆ ಮತ್ತು ಟಾಕ್‌ಬ್ಯಾಕ್ ಆವೃತ್ತಿ ಎರಡೂ ಬೇಕು. ಫೋನ್ ಸೆಟ್ಟಿಂಗ್ಸ್‌ನ ಆ್ಯಪ್ಸ್ ವಿಭಾಗದಲ್ಲಿ ಅವು ಸಿಗುತ್ತವೆ. ವಿಡಿಯೊ ಉದ್ದ ಬೇಡ. ಒಂದು ತೊಂದರೆಗೆ ಒಂದು ಚಿಕ್ಕ ವಿಡಿಯೊ.

ಒಂದು ಎಚ್ಚರಿಕೆ. ರೆಕಾರ್ಡಿಂಗ್ ಓಡುತ್ತಿರುವಾಗ ಕಾರ್ಡ್ ನಂಬರು, ಯುಪಿಐ ಪಿನ್, ಒಟಿಪಿ ಯಾವುದನ್ನೂ ಹಾಕಬೇಡಿ. ಮನೆ ವಿಳಾಸ, ಫೋನ್ ನಂಬರು ಪರದೆ ಮೇಲೆ ಕಂಡಿರಬಹುದು. ಕಳಿಸುವ ಮುಂಚೆ ನಂಬಿಕಸ್ಥರೊಬ್ಬರಿಂದ ವಿಡಿಯೊ ಒಮ್ಮೆ ನೋಡಿಸಿ. ಮೂಲ ಫೈಲನ್ನು ಫೋನಿನಲ್ಲಿ ಹಾಗೇ ಇಟ್ಟುಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಹೋಗಿ ಬಂದ ವಿಡಿಯೊ ಕುಗ್ಗಿರುತ್ತದೆ. ಮುಂದೆ ಕೋರ್ಟ್‌ವರೆಗೆ ಹೋದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರವನ್ನೂ ಕೇಳುತ್ತಾರೆ, ಆಗ ಮೂಲ ಫೈಲ್ ಬೇಕೇ ಬೇಕು.

ಏನೇನು ಹುಡುಕಬೇಕು? ಶಾಪಿಂಗ್ ಆ್ಯಪ್‌ಗಳಲ್ಲಿ ಮತ್ತೆ ಮತ್ತೆ ಸಿಗುವ ತೊಂದರೆಗಳು ಕೆಲವಿವೆ. ಸೈಜ್ ಮತ್ತು ಬಣ್ಣ ಆರಿಸುವ ಚೌಕಗಳಿಗೆ ಹೆಸರು ಇರುವುದಿಲ್ಲ, ಅಥವಾ ಯಾವುದು ಆಯ್ಕೆಯಾಗಿದೆ ಅಂತ ಹೇಳುವುದಿಲ್ಲ. ತಿಂಡಿ ಪ್ಯಾಕೆಟ್ಟಿನ ಪದಾರ್ಥಗಳ ಪಟ್ಟಿ, ಕೊನೆಯ ದಿನಾಂಕ ಎಲ್ಲ ಬರೀ ಫೋಟೊದಲ್ಲಿರುತ್ತದೆ. ಶೇಂಗಾ ಅಲರ್ಜಿ ಇರುವ ಅಂಧರು ಏನು ಮಾಡಬೇಕು? ಆಫರ್ ಪಾಪ್‌ಅಪ್ ಬಂದು ಕೂರುತ್ತದೆ, ಮುಚ್ಚುವ ಗುರುತು ಬೆರಳಿಗೇ ಸಿಗುವುದಿಲ್ಲ. ಪಿನ್‌ಕೋಡ್ ತಪ್ಪಾದರೆ ಕೆಂಪು ಅಕ್ಷರ ಬರುತ್ತದೆ, ಸ್ಕ್ರೀನ್ ರೀಡರ್ ಮಾತ್ರ ಸುಮ್ನೆ ಇರುತ್ತದೆ. ಚಿತ್ರ ನೋಡಿ ಬಿಡಿಸಬೇಕಾದ ಕ್ಯಾಪ್ಚಾಕ್ಕೆ ದನಿಯ ಆಯ್ಕೆಯೇ ಇರುವುದಿಲ್ಲ. ರಿಟರ್ನ್ ಮಾಡುವ ದಾರಿಯನ್ನೂ ತಪ್ಪದೆ ನೋಡಿ. ಕೊಳ್ಳುವ ದಾರಿ ಸರಿಯಿದ್ದು ವಾಪಸು ಕೊಡುವ ದಾರಿ ಮುಚ್ಚಿರುವ ಆ್ಯಪ್‌ಗಳು ಕಡಿಮೆ ಇಲ್ಲ.

ಪ್ರತಿಯೊಂದನ್ನೂ ಹೀಗೆ ಬರೆದಿಡಿ:

"ಪುಟ: ಕಾರ್ಟ್. ನಾನು ಮಾಡಿದ್ದು: ಎರಡು ಕೆ.ಜಿ. ಅಕ್ಕಿಯನ್ನು ಒಂದು ಕೆ.ಜಿ.ಗೆ ಇಳಿಸಲು ಬಲಕ್ಕೆ ಸ್ವೈಪ್ ಮಾಡಿದೆ. ಟಾಕ್‌ಬ್ಯಾಕ್ ಹೇಳಿದ್ದು: ಲೇಬಲ್ ಇಲ್ಲದ ಬಟನ್, ಎರಡು, ಲೇಬಲ್ ಇಲ್ಲದ ಬಟನ್. ಆಗಬೇಕಿದ್ದದ್ದು: ಕಡಿಮೆ ಮಾಡಿ, ಎರಡು, ಜಾಸ್ತಿ ಮಾಡಿ. ಪರಿಣಾಮ: ತಪ್ಪು ಬಟನ್ ಒತ್ತಿ ಮೂರು ಕೆ.ಜಿ. ಆಯಿತು. ವಿಡಿಯೊ: 4."

'ಪರಿಣಾಮ' ಅನ್ನುವ ಸಾಲನ್ನು ಬಿಡಬೇಡಿ. ತಾಂತ್ರಿಕ ದೋಷವನ್ನು ಹಕ್ಕಿನ ಪ್ರಶ್ನೆ ಮಾಡುವುದು ಆ ಸಾಲೇ. ಆ್ಯಂಡ್ರಾಯ್ಡ್‌ನಲ್ಲಿ ಬಟನ್‌ಗೆ ಹೆಸರು ಕೊಡುವುದು ಕೋಡ್‌ನಲ್ಲಿ ಒಂದು ಸಾಲಿನ ಕೆಲಸ, ಅದಕ್ಕೆ 'ಕಂಟೆಂಟ್ ಡಿಸ್ಕ್ರಿಪ್ಷನ್' ಅನ್ನುತ್ತಾರೆ. ದೂರಿನಲ್ಲಿ ಈ ಮಾತು ಬರೆದರೆ "ಇದಕ್ಕೆ ಒಂದು ವರ್ಷ ಬೇಕು" ಅನ್ನಲು ಕಂಪನಿಗೆ ಕಷ್ಟವಾಗುತ್ತದೆ.

ಹೆಜ್ಜೆ 3: ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ

ಕಸ್ಟಮರ್ ಕೇರ್ ಚಾಟ್‌ನಲ್ಲಿ ಗಂಟೆಗಟ್ಟಲೆ ಕಳೆಯಬೇಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ಕಂಪನಿಯೂ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ಇಟ್ಟಿರಬೇಕು. ಅವರ ಹೆಸರು, ಹುದ್ದೆ, ಸಂಪರ್ಕ ವಿವರ ವೆಬ್‌ಸೈಟ್‌ನಲ್ಲಿ ಇರಬೇಕು. ದೂರು ಬಂದದ್ದಕ್ಕೆ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಈ ಎರಡು ಗಡುವುಗಳೇ ಮುಂದೆ ನಿಮ್ಮ ಕೈಯ ಆಯುಧ.

ಆ ವಿವರ ಸಾಮಾನ್ಯವಾಗಿ ವೆಬ್‌ಸೈಟ್‌ನ ತೀರಾ ಕೆಳಗೆ ಇರುತ್ತದೆ. ಕಂಪ್ಯೂಟರಿನಲ್ಲಿ ಕಂಟ್ರೋಲ್ ಮತ್ತು ಎಂಡ್ ಒತ್ತಿ ಪುಟದ ಕೊನೆಗೆ ಹೋಗಿ, ಅಲ್ಲಿಂದ ಮೇಲಕ್ಕೆ ಬನ್ನಿ. ಆ್ಯಪ್‌ನಲ್ಲಾದರೆ ಹೆಲ್ಪ್ ಅಥವಾ ಲೀಗಲ್ ಅನ್ನುವ ಕಡೆ ಹುಡುಕಿ. ಫೋನ್ ಮಾಡಬೇಡಿ, ಇಮೇಲ್ ಮಾಡಿ. ಮಾತು ಗಾಳಿಗೆ ಹೋಗುತ್ತದೆ, ಇಮೇಲ್ ಉಳಿಯುತ್ತದೆ.

ಇಮೇಲ್ ಹೀಗಿದ್ದರೆ ಸಾಕು:

"ನಾನು ಅಂಧ ಗ್ರಾಹಕ. ನಿಮ್ಮ ಆ್ಯಪ್‌ನ ಇಂಥ ಆವೃತ್ತಿಯಲ್ಲಿ ಸ್ಕ್ರೀನ್ ರೀಡರ್ ಬಳಸಿ ಖರೀದಿ ಮುಗಿಸಲು ನನಗೆ ಆಗುತ್ತಿಲ್ಲ. ತೊಂದರೆಗಳ ಪಟ್ಟಿ ಮತ್ತು ವಿಡಿಯೊಗಳನ್ನು ಲಗತ್ತಿಸಿದ್ದೇನೆ. ಇದು ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಸೆಕ್ಷನ್ 46ಕ್ಕೆ ವಿರುದ್ಧವಾಗಿದೆ. ಪೇಮೆಂಟ್ ಮತ್ತು ರಿಟರ್ನ್ ಪುಟಗಳನ್ನು 30 ದಿನದೊಳಗೆ, ಉಳಿದದ್ದನ್ನು 90 ದಿನದೊಳಗೆ ಸರಿಪಡಿಸಿ ಲಿಖಿತವಾಗಿ ತಿಳಿಸಿ. ಇಲ್ಲದಿದ್ದರೆ ಆಯುಕ್ತರಲ್ಲಿ ದೂರು ದಾಖಲಿಸುತ್ತೇನೆ."

ಕರುಣೆ ಕೇಳುವ ಸಾಲು ಒಂದೂ ಬೇಡ. ಬೈಗುಳವೂ ಬೇಡ. ಉತ್ತರವಾಗಿ ಒಂದು 200 ರೂಪಾಯಿಯ ಕೂಪನ್ ಬರುವ ಸಾಧ್ಯತೆ ಇದೆ. ತಗೊಂಡರೂ ತಪ್ಪೇನಿಲ್ಲ, ಆದರೆ "ಸಮಸ್ಯೆ ಬಗೆಹರಿದಿದೆ" ಅನ್ನುವುದಕ್ಕೆ ಒಪ್ಪಿಗೆ ಕೊಡಬೇಡಿ. ಜೊತೆಗೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲೂ ದೂರು ದಾಖಲಿಸಿ ನಂಬರ್ ಪಡೆದುಕೊಳ್ಳಿ. ಅಲ್ಲೇ ಎಲ್ಲ ಮುಗಿಯುತ್ತದೆ ಅಂತ ನನಗೆ ನಂಬಿಕೆಯಿಲ್ಲ. ಆದರೂ ದಾಖಲೆ ಗಟ್ಟಿಯಾಗುತ್ತದೆ.

ಹೆಜ್ಜೆ 4: ಯಾವ ಬಾಗಿಲು?

ತಿಂಗಳು ಕಳೆದರೂ ಏನೂ ಆಗದಿದ್ದರೆ ಮುಂದೆ ಮೂರು ಕಡೆ ಹೋಗಬಹುದು.

ಮೊದಲನೆಯದು ವಿಕಲಚೇತನರ ಆಯುಕ್ತರು. ದೇಶದ ಎಲ್ಲೆಡೆ ವ್ಯಾಪಾರ ಮಾಡುವ ಕಂಪನಿಯಾದರೆ ದೆಹಲಿಯ ಮುಖ್ಯ ಆಯುಕ್ತರ ಬಳಿಗೆ ಹೋಗುವುದೇ ಒಳ್ಳೆಯದು. ಡಿಜಿಟಲ್ ವಿಷಯದಲ್ಲಿ ಅವರಿಗೆ ಈಗಾಗಲೇ ಅನುಭವವಿದೆ. 2025ರಲ್ಲಿ ವೆಬ್‌ಸೈಟ್, ಆ್ಯಪ್‌ಗಳ ಆ್ಯಕ್ಸೆಸಿಬಿಲಿಟಿ ಆಡಿಟ್ ವಿಷಯದಲ್ಲಿ ಅಸಡ್ಡೆ ಮಾಡಿದ 150ಕ್ಕೂ ಹೆಚ್ಚು ಸಂಸ್ಥೆಗಳಿಗೆ ತಲಾ 10 ಸಾವಿರ ದಂಡ ಹಾಕಿದ್ದು ಇದೇ ಕಚೇರಿ. ಕರ್ನಾಟಕದಲ್ಲಷ್ಟೇ ನಡೆಯುವ ಅಂಗಡಿ ಅಥವಾ ಸೇವೆಯಾದರೆ ಬೆಂಗಳೂರಿನಲ್ಲಿರುವ ರಾಜ್ಯ ಆಯುಕ್ತರು. ಅಲ್ಲಿ ಕನ್ನಡದಲ್ಲೇ ಬರೆಯಬಹುದು. ದೆಹಲಿಗೆ ಇಂಗ್ಲಿಷ್ ಅಥವಾ ಹಿಂದಿ ಅನುಕೂಲ.

ಎರಡನೆಯದು ಜಿಲ್ಲಾ ಗ್ರಾಹಕರ ಆಯೋಗ. ಇದು ಎಲ್ಲರಿಗೂ ಹೊಂದುವುದಿಲ್ಲ. ಗ್ರಾಹಕ ಅನ್ನಿಸಿಕೊಳ್ಳಬೇಕಾದರೆ ನೀವು ದುಡ್ಡು ಕೊಟ್ಟಿರಬೇಕು ಅಥವಾ ಕೊಡುವುದಾಗಿ ಒಪ್ಪಿರಬೇಕು. ಬಟನ್ ಸಿಗದೆ ಏನೂ ಕೊಳ್ಳಲಾಗದೆ ವಾಪಸು ಬಂದವರ ಕೇಸು ಇಲ್ಲಿ ಸಡಿಲ. ಆದರೆ ವರ್ಷದ ಮೆಂಬರ್‌ಶಿಪ್‌ಗೆ ದುಡ್ಡು ಕಟ್ಟಿ ಬಳಸಲಾಗದೆ ಹೋದರೆ, ರಿಟರ್ನ್ ಬಟನ್ ಸಿಗದೆ ಗಡುವು ಮೀರಿ ನಷ್ಟವಾದರೆ, ಇಲ್ಲಿ ಪರಿಹಾರದ ಹಣವನ್ನೂ ಕೇಳಬಹುದು. 2019ರ ಗ್ರಾಹಕ ಕಾಯ್ದೆ ಬಂದ ಮೇಲೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕಂಪನಿ ಗುರುಗ್ರಾಮದಲ್ಲಿದ್ದರೂ ನೀವು ಹಾವೇರಿಯಲ್ಲೇ ಕೇಸು ನಡೆಸಬಹುದು. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ತೊಂದರೆಯಾದ 2 ವರ್ಷದೊಳಗೆ ಹಾಕಬೇಕು. ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ದೂರು ಕೊಡಬಹುದು. ಆ ಪೋರ್ಟಲ್‌ನಲ್ಲೇ ನಿಮ್ಮ ಸ್ಕ್ರೀನ್ ರೀಡರ್ ತಡವರಿಸಿದರೆ ಅದನ್ನೂ ಬರೆದಿಡಿ, ಅದು ಇನ್ನೊಂದು ದೂರು.

ಮೂರನೆಯದು ಹೈಕೋರ್ಟ್. ಮೊದಲ ಹೆಜ್ಜೆಯಲ್ಲೇ ಅಲ್ಲಿಗೆ ಓಡಬೇಡಿ. ಆಯುಕ್ತರ ಆದೇಶವನ್ನು ಕಂಪನಿ ಕಸದಬುಟ್ಟಿಗೆ ಹಾಕಿದಾಗ ಅದು ಬೇಕಾಗುತ್ತದೆ. ವಕೀಲರ ಖರ್ಚು ಅಂತ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ವಿಕಲಚೇತನರಿಗೆ ಉಚಿತ ಕಾನೂನು ನೆರವಿದೆ. ಸಹಾಯವಾಣಿ 15100. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೂ ಪ್ರಾಧಿಕಾರದ ಕಚೇರಿ ಇರುತ್ತದೆ.

ಹೆಜ್ಜೆ 5: ಆಯುಕ್ತರಿಗೆ ದೂರು

ವಕೀಲರು ಬೇಕೇ ಬೇಕು ಅಂತಿಲ್ಲ. ಮುಖ್ಯ ಆಯುಕ್ತರಿಗೆ ನೀವೇ ಕೊಡಬಹುದು, ಪ್ರತಿನಿಧಿಯ ಮೂಲಕ ಕೊಡಬಹುದು, ರಿಜಿಸ್ಟರ್ಡ್ ಅಂಚೆಯಲ್ಲಿ (ಈಗ ಅದು ಸ್ಪೀಡ್ ಪೋಸ್ಟ್‌ನೊಳಗೆ ಸೇರಿದೆ) ಅಥವಾ ಇಮೇಲ್‌ನಲ್ಲೂ ಕಳಿಸಬಹುದು. 2017ರ ನಿಯಮಗಳ 38ನೇ ನಿಯಮ ಕೇಳುವುದು ಇಷ್ಟು: ನಿಮ್ಮ ಹೆಸರು ವಿಳಾಸ, ಎದುರು ಪಕ್ಷದ ಹೆಸರು ವಿಳಾಸ, ನಡೆದದ್ದೇನು, ಎಲ್ಲಿ ಯಾವಾಗ, ಅದಕ್ಕೆ ದಾಖಲೆ, ನಿಮಗೆ ಬೇಕಾದ ಪರಿಹಾರ. ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಪ್ರತಿ ಲಗತ್ತಿಸಿ. ಕಂಪನಿಯ ನೋಂದಾಯಿತ ವಿಳಾಸವನ್ನು ವೆಬ್‌ಸೈಟ್‌ನಿಂದಲೇ ತೆಗೆದುಕೊಳ್ಳಿ. ಬ್ರ್ಯಾಂಡ್ ಹೆಸರು ಬೇರೆ, ಕಂಪನಿ ಹೆಸರು ಬೇರೆ ಇರುತ್ತದೆ. ಬ್ರ್ಯಾಂಡ್ ಹೆಸರಿಗೆ ನೋಟಿಸ್ ಹೋದರೆ "ಅಂಥ ಕಂಪನಿಯೇ ಇಲ್ಲ" ಅಂತ ಒಂದೆರಡು ತಿಂಗಳು ವ್ಯರ್ಥವಾಗಬಹುದು.

ಹಳ್ಳಿಯಲ್ಲಿರುವವರು, ಕಾಗದಪತ್ರ ಹೊಂದಿಸಲು ಜೊತೆ ಬೇಕು ಅನ್ನುವವರು, ಪಂಚಾಯಿತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಅಥವಾ ತಾಲ್ಲೂಕಿನ ಎಂಆರ್‌ಡಬ್ಲ್ಯು (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ) ಅವರನ್ನು ಕೇಳಿ. ಪಿಂಚಣಿ, ಬಸ್ ಪಾಸ್ ಕೆಲಸದಲ್ಲೇ ಅವರ ದಿನ ಹೋಗುತ್ತದೆ ನಿಜ. ಆದರೂ ದಾಖಲೆ ಸ್ಕ್ಯಾನ್ ಮಾಡಿ ಕಳಿಸುವ ಕೆಲಸಕ್ಕೆ ಅವರಿಗಿಂತ ಹತ್ತಿರದವರು ಯಾರಿದ್ದಾರೆ?

ಪರಿಹಾರ ಕೇಳುವ ಜಾಗದಲ್ಲಿ ಬಹಳ ಜನ "ಆ್ಯಪ್ ಸರಿ ಮಾಡಿಸಿ" ಅಂತ ಒಂದೇ ಸಾಲು ಬರೆದು ಬಿಡುತ್ತಾರೆ. ಅಷ್ಟು ಸಾಲದು. ಪಟ್ಟಿ ಮಾಡಿದ ತೊಂದರೆಗಳನ್ನು ಇಂತಿಷ್ಟು ದಿನದಲ್ಲಿ ಸರಿಪಡಿಸಬೇಕು ಅಂತ ಕೇಳಿ. ಹೊರಗಿನ ಆ್ಯಕ್ಸೆಸಿಬಿಲಿಟಿ ಆಡಿಟರ್‌ರಿಂದ ಪೂರ್ತಿ ಆ್ಯಪ್ ಪರೀಕ್ಷೆ ಮಾಡಿಸಬೇಕು ಅಂತ ಕೇಳಿ. ಆ ಪರೀಕ್ಷೆಯಲ್ಲಿ ನಿಜವಾದ ಅಂಧ ಬಳಕೆದಾರರು ಇರಬೇಕು ಅಂತ ಕೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಹೊಸ ಆವೃತ್ತಿ ಬಿಡುವ ಮುಂಚೆ ಸ್ಕ್ರೀನ್ ರೀಡರ್‌ನಲ್ಲಿ ಪರೀಕ್ಷಿಸಬೇಕು ಅಂತ ಕೇಳಿ. ಇದನ್ನು ಮರೆತರೆ ಇವತ್ತು ಸರಿಯಾದ ಬಟನ್ ದೀಪಾವಳಿ ಸೇಲ್‌ನ ಹೊಸ ವಿನ್ಯಾಸದ ಜೊತೆ ಮತ್ತೆ ಮೂಕವಾಗುತ್ತದೆ.

ಹೆಜ್ಜೆ 6: ಕಂಪನಿಯ ಉತ್ತರಕ್ಕೆ ಮರುಉತ್ತರ

ಆಯುಕ್ತರು ದೂರಿನ ಪ್ರತಿಯನ್ನು ಕಂಪನಿಗೆ ಕಳಿಸಿ 30 ದಿನದೊಳಗೆ ಉತ್ತರ ಕೇಳುತ್ತಾರೆ. ಬೇಕಾದರೆ ಇನ್ನೂ 15 ದಿನ ಕೊಡಬಹುದು. ಬರುವ ಉತ್ತರಗಳು ಹೆಚ್ಚುಕಡಿಮೆ ಮೂರೇ ಥರ.

"ಅಂಧ ಗ್ರಾಹಕರು ನಮ್ಮ ಸಹಾಯವಾಣಿಗೆ ಫೋನ್ ಮಾಡಿ ಆರ್ಡರ್ ಕೊಡಬಹುದು." ಇದು ಹಳೇ ವಾದ. ಅಮೆರಿಕದ ಡಾಮಿನೋಸ್ ಪ್ರಕರಣದಲ್ಲೂ ಬಂದಿತ್ತು. ಸ್ಕ್ರೀನ್ ರೀಡರ್‌ನಿಂದ ತನಗೆ ಬೇಕಾದ ಥರದ ಪಿಜ್ಜಾ ಆರ್ಡರ್ ಮಾಡಲು ಆಗುತ್ತಿಲ್ಲ ಅಂತ ಅಂಧ ಗ್ರಾಹಕರೊಬ್ಬರು 2016ರಲ್ಲಿ ದಾವೆ ಹಾಕಿದರು. 2019ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಡಾಮಿನೋಸ್ ಅಲ್ಲಿನ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು, ಆ ವರ್ಷದ ಅಕ್ಟೋಬರ್‌ನಲ್ಲಿ ಕೋರ್ಟ್ ಅರ್ಜಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಫೋನ್ ಮಾಡಿ ಅನ್ನುವ ವಾದ ಕೊನೆಗೆ ಬಿದ್ದುಹೋದದ್ದು ಒಂದು ಸರಳ ಸಂಗತಿಯಿಂದ: ಆ ಗ್ರಾಹಕರು ಫೋನ್ ಮಾಡಿ ಎರಡು ಸಲ 45 ನಿಮಿಷಕ್ಕೂ ಜಾಸ್ತಿ ಕಾದು ಕೊನೆಗೆ ಇಟ್ಟುಬಿಟ್ಟಿದ್ದರು. 2021ರಲ್ಲಿ ವಿಚಾರಣಾ ನ್ಯಾಯಾಲಯ ವೆಬ್‌ಸೈಟ್ ಸರಿಪಡಿಸಲು ಆದೇಶಿಸಿತು, ಕ್ಯಾಲಿಫೋರ್ನಿಯಾ ಕಾನೂನಿನಡಿ 4,000 ಡಾಲರ್ ಪರಿಹಾರವನ್ನೂ ಕೊಡಿಸಿತು. ನೀವೂ ಸಹಾಯವಾಣಿಗೆ ಫೋನ್ ಮಾಡಿ ಎಷ್ಟು ಹೊತ್ತು ಕಾದಿರಿ ಅಂತ ಬರೆದಿಡಿ. ಕಾಲ್ ಲಾಗ್‌ನ ಚಿತ್ರ ತೆಗೆದಿಡಿ. ಆ್ಯಪ್‌ನಲ್ಲಿ ಸಿಗುವ ರಿಯಾಯಿತಿ ಫೋನ್ ಆರ್ಡರ್‌ಗೂ ಸಿಗುತ್ತದಾ ಅಂತ ಕೇಳಿ.

"ನಾವು ವೆಬ್‌ಸೈಟ್‌ಗೆ ಆ್ಯಕ್ಸೆಸಿಬಿಲಿಟಿ ವಿಜೆಟ್ ಹಾಕಿದ್ದೇವೆ." ಮೂಲೆಯಲ್ಲಿ ಗಾಲಿಕುರ್ಚಿಯ ಅಥವಾ ಮನುಷ್ಯನ ಗುರುತಿನ ಒಂದು ಬಟನ್ ಇರುತ್ತದಲ್ಲ, ಅದು. ಅಕ್ಷರ ದೊಡ್ಡದಾಗುತ್ತದೆ, ಬಣ್ಣ ಬದಲಾಗುತ್ತದೆ, ಹೆಸರಿಲ್ಲದ ಬಟನ್ ಮಾತ್ರ ಹೆಸರಿಲ್ಲದೇ ಉಳಿಯುತ್ತದೆ. ಇಂಥದ್ದನ್ನು ಮಾರುವ ಆ್ಯಕ್ಸೆಸಿಬಿ ಅನ್ನುವ ಕಂಪನಿ ತನ್ನ ಉತ್ಪನ್ನದ ಬಗ್ಗೆ ಇಲ್ಲದ್ದನ್ನು ಹೇಳಿಕೊಂಡಿತು ಅಂತ 2025ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 10 ಲಕ್ಷ ಡಾಲರ್ ಕಟ್ಟಿಸಿತು. ವಿಜೆಟ್ ಆನ್ ಮಾಡಿಕೊಂಡು ಅದೇ ಪುಟದ ಇನ್ನೊಂದು ವಿಡಿಯೊ ಮಾಡಿ ಕಳಿಸಿ, ಬೇರೆ ವಾದ ಬೇಕಿಲ್ಲ.

"ಸರಿಪಡಿಸಿದ್ದೇವೆ." ಇದು ನಿಜವಿರಲೂಬಹುದು. ಪರೀಕ್ಷೆ ಮಾಡದೆ ಹೌದು ಅನ್ನಬೇಡಿ, ಅಲ್ಲ ಅಂತಲೂ ಅನ್ನಬೇಡಿ.

ವಿಚಾರಣೆ ವಿಡಿಯೊ ಮೂಲಕ ನಡೆದರೆ ಪರದೆ ಹಂಚಿಕೊಳ್ಳಲು ಅವಕಾಶ ಕೇಳಿ. ಎಲ್ಲರೆದುರು ಒಂದೇ ಒಂದು ಸಾಮಾನು ಕೊಳ್ಳಲು ಪ್ರಯತ್ನಿಸಿ ತೋರಿಸಿ.

ಹೊರದೇಶದಲ್ಲಿರುವ ಕನ್ನಡಿಗರಿಗೆ

ಯುರೋಪಿನಲ್ಲಿ 2025ರ ಜೂನ್ 28ರಿಂದ ಯುರೋಪಿಯನ್ ಆ್ಯಕ್ಸೆಸಿಬಿಲಿಟಿ ಆ್ಯಕ್ಟ್ ಅನ್ವಯವಾಗುತ್ತಿದೆ. ಆನ್‌ಲೈನ್ ಅಂಗಡಿಗಳು ನೇರವಾಗಿ ಅದರ ಒಳಗೆ ಬರುತ್ತವೆ. ಹತ್ತು ಜನಕ್ಕಿಂತ ಕಡಿಮೆ ಕೆಲಸಗಾರರಿರುವ, ವರ್ಷದ ವಹಿವಾಟು 20 ಲಕ್ಷ ಯೂರೊ ದಾಟದ ಸಣ್ಣ ಸೇವಾ ಸಂಸ್ಥೆಗಳಿಗೆ ವಿನಾಯಿತಿ ಇದೆ. ದೂರು ಎಲ್ಲಿ ಕೊಡಬೇಕು ಅನ್ನುವುದು ಆಯಾ ದೇಶಕ್ಕೆ ಬಿಟ್ಟದ್ದು. ಅಮೆರಿಕದಲ್ಲಿರುವವರು ತಮ್ಮ ರಾಜ್ಯ ಯಾವುದು ಅಂತ ನೋಡಿ ವಕೀಲರನ್ನು ಕೇಳಬೇಕು. ಫೆಡರಲ್ ಎಡಿಎ ಅಡಿಯಲ್ಲಿ ಗ್ರಾಹಕರು ಹಾಕುವ ದಾವೆಯಲ್ಲಿ ಸರಿಪಡಿಸುವ ಆದೇಶ ಮತ್ತು ವಕೀಲರ ಶುಲ್ಕ ಸಿಗುತ್ತದೆ, ಪರಿಹಾರದ ಹಣ ಸಿಗುವುದು ಕ್ಯಾಲಿಫೋರ್ನಿಯಾದಂಥ ರಾಜ್ಯಗಳ ಕಾನೂನಿನಿಂದ. ಇಲ್ಲಿಂದ ಅಲ್ಲಿಗೆ ಆನ್‌ಲೈನಿನಲ್ಲಿ ಸೀರೆ, ಉಪ್ಪಿನಕಾಯಿ ಮಾರುವವರೂ ಇದನ್ನು ಓದಿಕೊಂಡರೆ ಒಳ್ಳೆಯದು.

ಹೆಜ್ಜೆ 7: ಆದೇಶ ಬಂದ ಮೇಲೆ

ಆಯುಕ್ತರ ಆದೇಶ ಶಿಫಾರಸಿನ ರೂಪದಲ್ಲಿರುತ್ತದೆ. ಕಾಯ್ದೆಯ 76ನೇ ಸೆಕ್ಷನ್ ಪ್ರಕಾರ ಅದರ ಮೇಲೆ ಏನು ಕ್ರಮ ಕೈಗೊಂಡರು ಅಂತ 3 ತಿಂಗಳೊಳಗೆ ತಿಳಿಸಬೇಕು. ಒಪ್ಪದಿದ್ದರೆ ಅದೇ 3 ತಿಂಗಳಲ್ಲಿ ಕಾರಣ ಕೊಡಬೇಕು. ಆ ದಿನಾಂಕವನ್ನು ಫೋನಿನ ಕ್ಯಾಲೆಂಡರಿನಲ್ಲಿ ಅಲಾರಂ ಹಾಕಿ ಇಟ್ಟುಕೊಳ್ಳಿ. ಗಡುವು ದಾಟಿದ ಮಾರನೇ ದಿನವೇ ಆಯುಕ್ತರಿಗೆ ಒಂದು ಇಮೇಲ್ ಹಾಕಿ, ಪ್ರತಿಯನ್ನು ಕಂಪನಿಗೂ ಕಳಿಸಿ. ಅದಕ್ಕೂ ಮಿಸುಕದಿದ್ದರೆ ಆಗ ಹೈಕೋರ್ಟ್ ಅರ್ಜಿಯ ಮಾತು.

ಕಂಪನಿ ಸರಿಯಾಯಿತು ಅಂತ ಬರೆದರೆ ಹೆಜ್ಜೆ 2ರಲ್ಲಿ ಮಾಡಿದ ಪಟ್ಟಿಯನ್ನೇ ಮತ್ತೆ ತೆಗೆಯಿರಿ. ಅದೇ ಕ್ರಮದಲ್ಲಿ ಒಂದೊಂದನ್ನೂ ಪರೀಕ್ಷಿಸಿ, ಪ್ರತಿ ಸಾಲಿನ ಮುಂದೆ 'ಸರಿಯಾಗಿದೆ', 'ಅರ್ಧ ಸರಿ', 'ಹಾಗೇ ಇದೆ' ಅಂತ ಬರೆಯಿರಿ. ಹೊಸ ಆವೃತ್ತಿಯ ಸಂಖ್ಯೆ ಹಾಕಿ. ಕಡತ ಮುಚ್ಚಲು ಒಪ್ಪುವ ಮುಂಚೆ ಒಂದು ಆರ್ಡರ್ ಶುರುವಿನಿಂದ ಕೊನೆಯವರೆಗೆ ಯಾರ ಸಹಾಯವೂ ಇಲ್ಲದೆ ಮಾಡಿ. ಸಾಮಾನು ಮನೆಗೆ ಬಂದ ಮೇಲೆ ಅದನ್ನು ರಿಟರ್ನ್ ಕೂಡ ಮಾಡಿ ನೋಡಿ, ಹಣ ವಾಪಸು ಬಂದಮೇಲೆ ಒಪ್ಪಿಗೆ ಪತ್ರ ಕಳಿಸಿ.